ಈ ಔಷಧ ಎಷ್ಟು ಕ್ಯಾರೆಟ್?

ದಸರಾ ಹತ್ತಿರ ಬಂತೆಂದರೆ ನಮ್ಮ ಕಡೆ ಮನೆ ಹಸನು ಮಾಡುವ ಗದ್ದಲ ಶುರುವಾಗುತ್ತದೆ. ಈ ಸಲ ಸೇಡಂನ ನಮ್ಮ ಮನೆಯಲ್ಲಿ ಅಟ್ಟದ ಮೇಲಿನ ಟ್ರಂಕು ಇಳಿಸಿ ಒರೆಸುವ ಪಾಳಿ ನನ್ನದು ಮತ್ತು ಎಂಟನೆಯ ತರಗತಿಯ ಮೊಮ್ಮಗಳದು. ಹಳೆಯ ಪಾಸ್‌ಬುಕ್ಕು, ವಿಮೆ ರಸೀದಿ, ನನ್ನ ಬಿ.ಕಾಂ. ಮಾರ್ಕ್ಸ್‌ಕಾರ್ಡು (ಅದನ್ನು ಬೇಗ ಮುಚ್ಚಿಟ್ಟೆ) ಇವೆಲ್ಲದರ ಕೆಳಗೆ ಒಂದು ನೀಲಿ ಫೈಲಿತ್ತು. ನಾನು ಪಕ್ಕಕ್ಕಿಡುವಷ್ಟರಲ್ಲಿ ಹುಡುಗಿ ಅದನ್ನು ತೆರೆದು ಓದತೊಡಗಿದ್ದಳು.

"ಮುತ್ಯಾ, ಪ್ಲಾಸ್ಮಾ ಅಂದ್ರ ಏನು? ಎರಡು ಸರ್ತಿ ರಸೀದಿ ಅದ. ಇದರಿಂದ ದೊಡ್ಡ ಮುತ್ಯಾಗ ಆರಾಮ ಆಗಿತ್ತೇನು?"

ಅದು ನನ್ನ ಅಣ್ಣನ ಆಸ್ಪತ್ರೆಯ ಫೈಲು. 2021ರ ಮೇ ತಿಂಗಳಿನಿಂದ ಅದನ್ನು ನಾನು ತೆರೆದಿರಲಿಲ್ಲ.

ಕೋವಿಡ್ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಇಡೀ ದೇಶದಲ್ಲಿ ಆ ಬೇನೆಯಿಂದ ಮೊದಲು ತೀರಿಕೊಂಡವರು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು, 2020ರ ಮಾರ್ಚ್‌ನಲ್ಲಿ. ಮರುವರ್ಷ ಎರಡನೆಯ ಅಲೆ ಬಂದಾಗ ನಮ್ಮ ಮನೆಯ ಸರದಿ ಬಂತು. ಅಣ್ಣನನ್ನು ಕಲಬುರಗಿಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಆಮ್ಲಜನಕ ಹಚ್ಚಿದ್ದರು. ಮೂರನೆಯ ದಿನ, "ಪ್ಲಾಸ್ಮಾ ಸಿಕ್ಕರೆ ಕೊಟ್ಟು ನೋಡೋಣ" ಎಂಬ ಮಾತು ಬಂತು. ನನ್ನ ಕಿವಿಗೆ "ನೋಡೋಣ" ಎಂಬ ಶಬ್ದ ಬೀಳಲೇ ಇಲ್ಲ. ಪ್ಲಾಸ್ಮಾ ಸಿಕ್ಕರೆ ಅಣ್ಣ ಉಳಿಯುತ್ತಾನೆ, ಇಷ್ಟೇ ಕೇಳಿಸಿತು.

ಪ್ಲಾಸ್ಮಾ ಎಂದರೆ ರಕ್ತದಲ್ಲಿನ ಕಣಗಳನ್ನು ಬೇರೆ ಮಾಡಿದ ಮೇಲೆ ಉಳಿಯುವ ತೆಳು ಹಳದಿ ದ್ರವ. ಬೇನೆಯನ್ನು ಗೆದ್ದು ಬಂದವರ ಪ್ಲಾಸ್ಮಾದಲ್ಲಿ ಆ ಬೇನೆಯ ವಿರುದ್ಧ ಕಾದಾಡುವ ಪ್ರತಿಕಾಯಗಳಿರುತ್ತವೆ. ಅದನ್ನು ಮಲಗಿರುವ ರೋಗಿಗೆ ಏರಿಸಿದರೆ ಅವನಿಗೂ ಆಸರೆಯಾದೀತು ಎಂಬುದು ವಿಚಾರ. ಕೇಳಲು ಎಷ್ಟು ಸರಿಯೆನಿಸುತ್ತದೆ ನೋಡಿ!

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಕೊನೆಗೆ ಸೇಡಂ, ಹೀಗೆ ವರ್ಗವಾಗಿ ತಿರುಗಿ ನಿವೃತ್ತನಾದೆ. ಎಲ್ಲ ಊರಲ್ಲೂ ಗುರುತಿನವರಿದ್ದರು. ಅಂದು ಅವರೆಲ್ಲರಿಗೂ ಫೋನು ಹಚ್ಚಿದೆ. ಕೋವಿಡ್ ಬಂದು ಆರಾಮಾದವರು, ಅಣ್ಣನ ಗುಂಪಿನ ರಕ್ತದವರು ಬೇಕು. ಶಹಾಬಾದದಲ್ಲಿ ಕಲ್ಲು ಪಾಲಿಶ್ ಮಾಡುವ ಒಬ್ಬ ಹುಡುಗ ಸಿಕ್ಕ. ಗುರುತಿಲ್ಲ, ಪರಿಚಯವಿಲ್ಲ, ಬೈಕ್ ಹತ್ತಿ ಬಂದು ಕೊಟ್ಟು ಹೋದ. ರೊಕ್ಕ ಕೊಡಹೋದರೆ ಕೈಮುಗಿದ. ಎರಡನೆಯ ಯೂನಿಟ್ಟಿಗೆ ವಾಡಿಯಲ್ಲಿ ಸಿಕ್ಕವನಿಗೆ ರಕ್ತದ ಅಂಶ ಕಡಿಮೆ ಬಂತು. ಚಿತ್ತಾಪುರದವನ ಮನೆಯವರು ಕಳಿಸಲೊಲ್ಲೆ ಅಂದರು. ಅವರ ಭಯವೂ ಸಹಜವೇ. ಕೊನೆಗೆ ಚಿಂಚೋಳಿಯಿಂದ ಒಬ್ಬರು ಬಂದರು. ಆ ಚೀಲ ನನ್ನ ಕೈಗೆ ಸಿಕ್ಕಾಗ ಬೆಳಗಿನ ಹತ್ತು ಗಂಟೆ. ಅಣ್ಣ ಏಳು ಗಂಟೆಗೇ ಹೋಗಿದ್ದ.

ಒಂದು ದಿನ ಮೊದಲು ಸಿಕ್ಕಿದ್ದರೆ? ಇದೊಂದೇ ಪ್ರಶ್ನೆ ನಾಲ್ಕು ವರ್ಷ ನನ್ನ ತಲೆಯಲ್ಲಿ ತಿರುಗುತ್ತಿತ್ತು. ನಮ್ಮ ವೈನಿ ಬಾಯಿ ಬಿಟ್ಟು ಏನೂ ಅಂದವರಲ್ಲ. ಅವರಿಗೂ ಅದೇ ಅನ್ನಿಸುತ್ತಿರಬಹುದೆಂದು ನಾನೇ ಅಂದುಕೊಂಡು ಅವರ ಮುಖ ನೋಡಲು ಹಿಂಜರಿಯುತ್ತಿದ್ದೆ.

ಮೊಮ್ಮಗಳ ಪ್ರಶ್ನೆಗೆ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ತಂಗಿಯ ಮೊಮ್ಮಗ ಎಂ.ಬಿ.ಬಿ.ಎಸ್. ಓದುತ್ತಾನೆ. ಅವನನ್ನು ಕೇಳಿದೆವು. ಅವನು ಒಂದಿಷ್ಟು ಕಾಗದ ಪ್ರಿಂಟ್ ತೆಗೆದು ತಂದು, ಎರಡು ಭಾನುವಾರ ನಮ್ಮಿಬ್ಬರ ಜೊತೆ ಕುಳಿತ. ಆಗ ನಾನು ಕಲಿತದ್ದನ್ನು ಈಗ ನಿಮಗೆ ಹೇಳುತ್ತೇನೆ. ನನ್ನ ವಯಸ್ಸಿನವರೂ ಓದಬೇಕು, ಮಕ್ಕಳೂ ಓದಬೇಕು. ಅಜ್ಜ ಅಜ್ಜಿಯ ಫೋನಿಗೆ ದಿನಾ ಬೆಳಿಗ್ಗೆ ಬರುವ ಔಷಧದ ಸಂದೇಶಗಳನ್ನು ಓದಿ ಹೇಳುವವರು ನೀವೇ ತಾನೆ?

ಮೊದಲು ಬಂಗಾರದ ಮಾತು. ಚಿತ್ತಾಪುರ ಶಾಖೆಯಲ್ಲಿದ್ದಾಗ ಬಂಗಾರದ ಸಾಲದ ಟೇಬಲ್ಲು ನನಗಿತ್ತು. ಬಿತ್ತನೆ ಕಾಲಕ್ಕೆ ಹೆಣ್ಣುಮಕ್ಕಳು ಕೊರಳಿನದು ಕಿವಿಯದು ತೆಗೆದು ತಂದಿಡುತ್ತಿದ್ದರು. ಬ್ಯಾಂಕು ಗೊತ್ತುಮಾಡಿದ ಪತ್ತಾರರು ಬಂದು ಒರೆಗಲ್ಲಿಗೆ ತಿಕ್ಕಿ, ಗೆರೆಯ ಮೇಲೆ ಆಸಿಡ್ ಹಚ್ಚಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಇದು 22 ಕ್ಯಾರೆಟ್, ಇದು 18, ಇದು ಬರೀ ಗಿಲೀಟು. 24ಕ್ಕೆ 18 ಭಾಗವೆಂದರೆ ಮುಕ್ಕಾಲು ಪಾಲು ಮಾತ್ರ ಚಿನ್ನ. ಕೌಂಟರಿನ ಈ ಕಡೆಯಿಂದ ನೋಡಿದರೆ ಎಲ್ಲವೂ ಒಂದೇ ಥರ ಹೊಳೆಯುತ್ತವೆ. ಹೊಸದಾಗಿ ಸೇರಿದ ನನಗೆ ಮ್ಯಾನೇಜರು ಮೊದಲ ದಿನವೇ ಹೇಳಿದ್ದರು, "ಹೊಳಪಿಗೆ ಸಾಲ ಇಲ್ಲ ತಮ್ಮಾ, ಕ್ಯಾರೆಟ್ಟಿಗೆ ಸಾಲ."

ಔಷಧದ ಸಲಹೆಗೂ ಹೀಗೆ ಕ್ಯಾರೆಟ್ ಹಾಕುವ ಪದ್ಧತಿಯಿದೆ. ಅದರ ಹೆಸರೇ ಗ್ರೇಡ್. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಡಾ. ಗಾರ್ಡನ್ ಗಯಾಟ್ ಮತ್ತು ಬೇರೆ ಬೇರೆ ದೇಶದ ಅವರ ಸಂಗಾತಿಗಳು 2000ದ ಇಸವಿಯಿಂದ ಕಟ್ಟಿಕೊಂಡು ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಬಳಸುತ್ತದೆ. ಇದರಲ್ಲಿ ಒಂದು ಔಷಧದ ಹಿಂದಿರುವ ಪುರಾವೆಗೆ ನಾಲ್ಕು ದರ್ಜೆ: ಹೆಚ್ಚು ಖಾತ್ರಿ, ಮಧ್ಯಮ ಖಾತ್ರಿ, ಕಡಿಮೆ ಖಾತ್ರಿ, ತೀರ ಕಡಿಮೆ ಖಾತ್ರಿ. ಕೆಲವು ಕಾಗದಗಳಲ್ಲಿ ನಾಲ್ಕು ಸಣ್ಣ ವೃತ್ತ ಹಾಕಿ, ಎಷ್ಟು ಖಾತ್ರಿಯೋ ಅಷ್ಟರಲ್ಲಿ ಅಧಿಕ ಚಿಹ್ನೆ ಬರೆದಿರುತ್ತಾರೆ. ಮೊಮ್ಮಗಳಿಗೆ ಅದು ಬಹಳ ಹಿಡಿಸಿತು. ಅಂದು ರಾತ್ರಿ ಊಟದ ಪ್ರತಿ ಪದಾರ್ಥಕ್ಕೂ ವೃತ್ತ ಹಾಕಿದಳು. ನಮ್ಮ ಸೊಸೆಯ ಹಾಗಲಕಾಯಿ ಪಲ್ಯಕ್ಕೆ ಒಂದೇ ವೃತ್ತ!

ಎಲ್ಲಕ್ಕಿಂತ ಗಟ್ಟಿ ಪುರಾವೆ ಯಾವುದು? ಚೀಟಿ ಎತ್ತುವ ಪರೀಕ್ಷೆ. ಯಾರಿಗೆ ಹೊಸ ಔಷಧ, ಯಾರಿಗೆ ಇಲ್ಲ ಎಂಬುದನ್ನು ಡಾಕ್ಟರೂ ಆರಿಸುವುದಿಲ್ಲ, ರೋಗಿಯೂ ಆರಿಸುವುದಿಲ್ಲ, ಚೀಟಿ ಆರಿಸುತ್ತದೆ. ಡಾಕ್ಟರೇ ಆರಿಸಿದರೆ ಗಟ್ಟಿಮುಟ್ಟಾದವರು ಒಂದು ಕಡೆ, ಸೋತವರು ಇನ್ನೊಂದು ಕಡೆ ಬಿದ್ದಾರು. ಕಬಡ್ಡಿಯಲ್ಲಿ ಒಬ್ಬನೇ ಎರಡೂ ತಂಡ ಆರಿಸಿದ ಹಾಗೆ. 1948ರಲ್ಲಿ ಇಂಗ್ಲೆಂಡಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯ ಫಲಿತಾಂಶ ಬಂತು. ಒಟ್ಟು 107 ರೋಗಿಗಳು, ಯಾರಿಗೆ ಯಾವುದು ಎಂಬುದು ಮುಚ್ಚಿದ ಲಕೋಟೆಯಲ್ಲಿ. ಔಷಧ ಸಿಕ್ಕ 55 ಜನರಲ್ಲಿ ಆರು ತಿಂಗಳೊಳಗೆ ತೀರಿಕೊಂಡವರು 4. ಹಾಸಿಗೆ ವಿಶ್ರಾಂತಿ ಮಾತ್ರ ಪಡೆದ 52 ಜನರಲ್ಲಿ 14. ಔಷಧ ಎಲ್ಲರಿಗೂ ಸಾಲುವಷ್ಟು ಆಗ ಇರಲೇ ಇಲ್ಲ, ಆದ್ದರಿಂದ ಚೀಟಿ ಎತ್ತಿದ್ದು ಅನ್ಯಾಯವೂ ಆಗಲಿಲ್ಲ. ಲೆಕ್ಕ ಹಾಕಿದ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಸ್ವತಃ ಎಳೆವಯಸ್ಸಿನಲ್ಲಿ ಕ್ಷಯದಿಂದ ನರಳಿದವರು.

ಕ್ಷಯದ ಮಾತು ಬಂದಾಗ ನನಗೆ ನಮ್ಮ ಕಾಕಾ ನೆನಪಾಗುತ್ತಾರೆ. ನಾನಾಗ ಏಳೆಂಟು ವರ್ಷದವನು. ಕ್ಷಯವಾದರೆ ಊರು ಬಿಟ್ಟು, ಒಳ್ಳೆಯ ಗಾಳಿಯಿರುವ ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಬೇಕು ಎಂಬುದು ಆ ಕಾಲದ ನಂಬಿಕೆ. ನಮ್ಮ ಭಾಗದವರಿಗೆ ಹತ್ತಿರದ್ದೆಂದರೆ ವಿಕಾರಾಬಾದದ ಅನಂತಗಿರಿ ಗುಡ್ಡ. ವಾಡಿಯಿಂದ ಹೊರಟ ಗಾಡಿ ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಅಲ್ಲಿಗೆ ಹೋಗುತ್ತದೆ. ಕಾಕಾನನ್ನು ಸೇಡಂ ಸ್ಟೇಷನ್ನಿನಲ್ಲಿ ಹತ್ತಿಸಿದ್ದು, ಮುತ್ಯಾ ಅದಕ್ಕಾಗಿ ಎರಡು ಎಕರೆ ತೊಗರಿ ಹೊಲ ಒತ್ತೆ ಇಟ್ಟದ್ದು ನೆನಪಿದೆ. ಕಾಕಾ ಬದುಕಿ ಬಂದರು. ಹೊಲ ತಿರುಗಿ ಬರಲಿಲ್ಲ.

ಅದೇ ವರ್ಷಗಳಲ್ಲಿ ಮದ್ರಾಸಿನಲ್ಲಿ ಏನು ನಡೆದಿತ್ತೆಂದು ನನಗೆ ಗೊತ್ತಾದದ್ದು ಈಗ, ಈ ವಯಸ್ಸಿನಲ್ಲಿ! 1956ರಲ್ಲಿ ಅಲ್ಲಿ ಕ್ಷಯ ಚಿಕಿತ್ಸೆಯ ಸಂಶೋಧನಾ ಕೇಂದ್ರವೊಂದು ಶುರುವಾಯಿತು. ಇನ್ನೂರಕ್ಕೆ ಹತ್ತಿರ ಬಡ ರೋಗಿಗಳನ್ನು ಚೀಟಿಯ ಮೂಲಕ ಎರಡು ಪಾಲು ಮಾಡಿದರು. ಒಂದು ಪಾಲು ಆಸ್ಪತ್ರೆಯಲ್ಲಿ ಮಲಗಿ, ಒಳ್ಳೆಯ ಊಟ ಉಂಡು ಮಾತ್ರೆ ನುಂಗಿತು. ಇನ್ನೊಂದು ಪಾಲು ತಮ್ಮ ಇಕ್ಕಟ್ಟಾದ ಮನೆಯಲ್ಲೇ ಇದ್ದು, ಸಿಕ್ಕದ್ದನ್ನು ಉಂಡು ಅದೇ ಮಾತ್ರೆ ನುಂಗಿತು. 1959ರಲ್ಲಿ ಫಲಿತಾಂಶ ಪ್ರಕಟವಾಯಿತು: ಒಂದು ವರ್ಷದ ಮೇಲೆ ಎರಡೂ ಕಡೆ ಗುಣವಾದವರು ಹೆಚ್ಚುಕಡಿಮೆ ಅಷ್ಟಷ್ಟೇ. ಮನೆಮಂದಿಗೆ ಬೇನೆ ಹತ್ತುವುದೂ ಹೆಚ್ಚಾಗಿರಲಿಲ್ಲ. ಗುಣ ಮಾಡಿದ್ದು ಗುಡ್ಡದ ಗಾಳಿಯಲ್ಲ, ಮಾತ್ರೆ. 1962ರಲ್ಲಿ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ಮನೆಯಲ್ಲೇ ಚಿಕಿತ್ಸೆ ಎಂಬುದು ಅದರ ಬುನಾದಿಯಾಯಿತು. ಆಮೇಲೆ ಎಷ್ಟು ಮನೆಗಳ ಹೊಲ ಉಳಿಯಿತೋ! ನಮ್ಮದು ನಾಲ್ಕು ವರ್ಷ ಮೊದಲೇ ಹೋಗಿತ್ತು, ಇರಲಿ.

ಚೀಟಿ ಎತ್ತಿದ ಪರೀಕ್ಷೆಯೆಂದ ಮಾತ್ರಕ್ಕೆ ಪೂರ್ತಿ ಅಂಕ ಸಿಗುವುದಿಲ್ಲ. ಆಡಿಟ್ ಬರುತ್ತದೆ. ಪರೀಕ್ಷೆ ಸರಿಯಾಗಿ ನಡೆದಿದೆಯೆ? ಬೇರೆ ಬೇರೆ ಪರೀಕ್ಷೆಗಳು ಒಂದೇ ಮಾತು ಹೇಳುತ್ತವೆಯೆ, ಒಂದೊಂದು ಒಂದೊಂದು ಕಡೆ ಎಳೆಯುತ್ತವೆಯೆ? ಸೋತ ಪರೀಕ್ಷೆಗಳನ್ನು ಬಚ್ಚಿಟ್ಟು ಗೆದ್ದದ್ದನ್ನು ಮಾತ್ರ ತೋರಿಸಿದ್ದಾರೆಯೆ? ಇದು ನಮಗೆ ಬ್ಯಾಂಕಿನವರಿಗೆ ಚೆನ್ನಾಗಿ ಗೊತ್ತಿರುವ ಆಟ. ರೊಕ್ಕ ಇರುವ ಪಾಸ್‌ಬುಕ್ಕು ಒಂದನ್ನೇ ತೋರಿಸಿ, ಬೇರೆ ಬ್ಯಾಂಕಿನ ಸಾಲದ ಕಾಗದ ಮನೆಯಲ್ಲಿಟ್ಟು ಬರುವವರನ್ನು ಎಷ್ಟು ಜನರನ್ನು ನೋಡಿಲ್ಲ! ಇಂಥ ಒಂದೊಂದು ಕೊರತೆಗೂ ದರ್ಜೆ ಇಳಿಯುತ್ತದೆ.

ಸಂಖ್ಯೆ ಸಣ್ಣದಾದರೂ ಇಳಿಯುತ್ತದೆ. ಇದನ್ನು ಮೊಮ್ಮಗಳು ನಾಣ್ಯದಿಂದ ಮಾಡಿ ನೋಡಿದಳು. ನಮ್ಮ ಪಡಸಾಲೆಯ ಶಹಾಬಾದ ಫರಸಿಯ ಮೇಲೆ ಹತ್ತು ಸಲ ಚಿಮ್ಮಿದರೆ ಏಳು ಸಲ ಸಿಂಹ ಬಿತ್ತು. "ಈ ನಾಣ್ಯಕ್ಕ ಸಿಂಹದ ಮ್ಯಾಲೆ ಪ್ರೀತಿ ಭಾಳ" ಅಂದಳು. ನೂರು ಸಲ ಚಿಮ್ಮು ಅಂದೆ. ಅರ್ಧ ತಾಸು ಠಣ್ ಠಣ್ ಎಂದು ಮನೆಯವರ ತಲೆ ತಿಂದ ಮೇಲೆ ಲೆಕ್ಕ 53ಕ್ಕೆ ಬಂದು ನಿಂತಿತು. ಹತ್ತು ಜನ ಕುಡಿದು ಏಳು ಜನಕ್ಕೆ ಗುಣವಾಯಿತು ಎಂಬ ಕಷಾಯದ ಸುದ್ದಿ ಬಂದರೆ ನೀವೂ ಒಮ್ಮೆ ನಾಣ್ಯ ಚಿಮ್ಮಿ ನೋಡಿ.

ಇನ್ನೊಂದು ಕೊರತೆ ನನ್ನ ವಾರಿಗೆಯವರಿಗೆ ಸಂಬಂಧಿಸಿದ್ದು. ಪರೀಕ್ಷೆ ಯಾರ ಮೇಲೆ ಆಗಿದೆ, ಔಷಧ ನುಂಗುವವರು ಯಾರು? ಮುಂಜಾನೆ ನಾವು ನಾಲ್ಕಾರು ನಿವೃತ್ತರು ಚಹಾಕ್ಕೆ ಕೂಡುತ್ತೇವೆ. ಅದರಲ್ಲಿ ಇಬ್ಬರು ದಿನಾ ಒಂದು ಸಣ್ಣ ಆಸ್ಪಿರಿನ್ ಮಾತ್ರೆ ನುಂಗುವವರು. ಒಬ್ಬರಿಗೆ ಹಿಂದೆ ಹೃದಯಾಘಾತವಾಗಿತ್ತು. ಅಂಥವರಿಗೆ ಆಸ್ಪಿರಿನ್ ಮತ್ತೊಂದು ಆಘಾತವನ್ನು ತಡೆಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿದೆ. ಇನ್ನೊಬ್ಬರು ಅವರನ್ನು ನೋಡಿ ತಾವೂ ಶುರು ಮಾಡಿದವರು, ಏನೂ ಬೇನೆಯಿಲ್ಲ. ಇಂಥ ಆರೋಗ್ಯವಂತ ವೃದ್ಧರ ಮೇಲೆ ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ 19,114 ಜನರನ್ನು ಸೇರಿಸಿ ಪರೀಕ್ಷೆ ಮಾಡಿದರು. 2018ರಲ್ಲಿ ಫಲಿತಾಂಶ ಬಂತು. ಆಸ್ಪಿರಿನ್‌ನಿಂದ ಅವರ ಆರೋಗ್ಯದ ವರ್ಷಗಳೇನೂ ಹೆಚ್ಚಲಿಲ್ಲ, ದೊಡ್ಡ ರಕ್ತಸ್ರಾವ ಮಾತ್ರ ಹೆಚ್ಚಾಯಿತು. ಅದೇ ಮಾತ್ರೆ, ಅದೇ ಚಹಾದ ಅಂಗಡಿ, ಪಕ್ಕಪಕ್ಕದ ಎರಡು ಕುರ್ಚಿ, ಕ್ಯಾರೆಟ್ ಬೇರೆ. ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು, ಮೊದಲು ನಿಮ್ಮ ಡಾಕ್ಟರನ್ನು ಕೇಳಿರಿ. ನಮ್ಮ ಗೆಳೆಯರೂ ಹೋಗಿ ಕೇಳಿಬಂದರು.

ಚೀಟಿ ಎತ್ತದೆಯೂ ದರ್ಜೆ ಮೇಲೇರುವುದುಂಟು, ಫಲ ಕಣ್ಣಿಗೆ ಹೊಡೆಯುವಷ್ಟು ದೊಡ್ಡದಾಗಿದ್ದರೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಬಂತು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಾಲನಬಿಸ್ ಬೇರೆ ದಾರಿ ಕಾಣದೆ ಉಪ್ಪು, ಸೋಡಾ, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಮೊದಲು ನೂರಕ್ಕೆ ಮೂವತ್ತರವರೆಗೆ ಇದ್ದ ಸಾವು ನೂರಕ್ಕೆ 3.6ಕ್ಕೆ ಇಳಿಯಿತು. ನಿಮ್ಮ ಶಾಲೆಯ ಪೆಟ್ಟಿಗೆಯಲ್ಲಿರುವ ಓ.ಆರ್.ಎಸ್. ಪೊಟ್ಟಣ ಇದೇ. ಆ ನೀರು ಕೆಲಸ ಮಾಡುತ್ತದೆಂದು ಢಾಕಾದಲ್ಲಿ ಮೊದಲೇ ಪರೀಕ್ಷಿಸಿದ್ದರು ನಿಜ, ಆದರೆ ಬಯಲಿನ ಶಿಬಿರದಲ್ಲಿ, ಮನೆಮಂದಿಯ ಕೈಯಿಂದಲೇ ಕುಡಿಸಿ ಜೀವ ಉಳಿಸಬಹುದೆಂದು ತೋರಿಸಿದ್ದು ಅವರು. ಚಿಂಚೋಳಿ ಕಡೆ ತೊಗರಿ ಹೊಲದಲ್ಲಿ ಹಾವು ಕಡಿದರೆ ಆಸ್ಪತ್ರೆಗೆ ಓಡಿ ವಿಷನಿರೋಧಕ ಚುಚ್ಚುಮದ್ದು ಹಾಕಿಸಿಕೊಳ್ಳಿ ಎಂಬ ಸಲಹೆಯೂ ಇಂಥದೇ. ಅರ್ಧ ಜನಕ್ಕೆ ಕೊಟ್ಟು ಅರ್ಧ ಜನಕ್ಕೆ ಬಿಟ್ಟು ನೋಡೋಣ ಎಂದು ಅಲ್ಲಿ ಯಾರೂ ಅನ್ನಲಾರರು.

ಈಗ ನೀಲಿ ಫೈಲಿಗೆ ಬರೋಣ.

ಪ್ಲಾಸ್ಮಾವನ್ನು ಪರೀಕ್ಷಿಸಿದವರು ಬೇರೆ ಯಾರೂ ಅಲ್ಲ, ನಮ್ಮದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. 2020ರ ಏಪ್ರಿಲ್‌ನಿಂದ ಜುಲೈವರೆಗೆ, ದೇಶದ 39 ಆಸ್ಪತ್ರೆಗಳಲ್ಲಿ, 464 ರೋಗಿಗಳ ಮೇಲೆ. ಪರೀಕ್ಷೆಯ ಹೆಸರು ಪ್ಲಾಸಿಡ್. ಪ್ಲಾಸ್ಮಾ ಪಡೆದ 235 ಜನರಲ್ಲಿ ಬೇನೆ ಉಲ್ಬಣಿಸಿದವರು ಅಥವಾ ತೀರಿಕೊಂಡವರು 44, ಅಂದರೆ ನೂರಕ್ಕೆ 19. ಪಡೆಯದ 229 ಜನರಲ್ಲಿ 41, ಅಂದರೆ ನೂರಕ್ಕೆ 18. ಮೊಮ್ಮಗಳು ಭಾಗಾಕಾರ ಮಾಡಿ ನೋಡಿ, "ಎರಡೂ ಒಂದೇ ಅಲ್ಲೇನು ಮುತ್ಯಾ?" ಅಂದಳು. ಆಮೇಲೆ ಇಂಗ್ಲೆಂಡಿನ ರಿಕವರಿ ಎಂಬ ದೊಡ್ಡ ಪರೀಕ್ಷೆಯಲ್ಲಿ 11,558 ರೋಗಿಗಳು. ಪ್ಲಾಸ್ಮಾ ಕೊಟ್ಟವರಲ್ಲೂ ಸಾವು ನೂರಕ್ಕೆ 24, ಕೊಡದವರಲ್ಲೂ 24.

ನಮ್ಮ ದೇಶದ ಪರೀಕ್ಷೆಯ ಫಲಿತಾಂಶ ಅಚ್ಚಾಗಿದ್ದು 2020ರ ಅಕ್ಟೋಬರಿನಲ್ಲಿ. ನಾನು ಪ್ಲಾಸ್ಮಾಕ್ಕಾಗಿ ಐದು ಊರಿಗೆ ಫೋನು ಹಚ್ಚಿದ್ದು ಅದಾಗಿ ಆರು ತಿಂಗಳ ಮೇಲೆ.

ಇಷ್ಟೇ ಆಗಿದ್ದರೆ ಮೇಲಿನವರನ್ನು ಬೈದು ಸುಮ್ಮನಾಗುತ್ತಿದ್ದೆ. ಆದರೆ ಹುಡುಗ ತಂದ ಕಾಗದಗಳಲ್ಲಿ 2021ರ ಏಪ್ರಿಲ್ 22ರ ಸರಕಾರಿ ಮಾರ್ಗಸೂಚಿಯೂ ಇತ್ತು. ಒಂದೇ ಹಾಳೆ. ಅದರಲ್ಲಿ ಐವರ್‌ಮೆಕ್ಟಿನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಗಳ ಮೇಲೆ ಸ್ಪಷ್ಟವಾಗಿ ಬರೆದಿದೆ, ಪುರಾವೆಯ ಖಾತ್ರಿ ಕಡಿಮೆ ಎಂದು. ಪ್ಲಾಸ್ಮಾದ ಮೇಲೆಯೂ ಬರೆದಿದೆ, ಇರುವ ಸೀಮಿತ ಪುರಾವೆಯ ಮೇಲೆ, ನಿರ್ದಿಷ್ಟ ಸಂದರ್ಭಗಳಲ್ಲಿ ಮಾತ್ರ ಎಂದು. ಕ್ಯಾರೆಟ್ ನಮೂದಾಗಿಯೇ ಇತ್ತು. ಆ ಹಾಳೆಯಿಂದ ಆಸ್ಪತ್ರೆಗೆ, ಅಲ್ಲಿಂದ ವಾರ್ಡಿಗೆ, ವಾರ್ಡಿನಿಂದ ನಮ್ಮ ಕಿವಿಗೆ, ನಮ್ಮಿಂದ ಫೋನಿನಲ್ಲಿ ವಾಡಿಗೆ, ಶಹಾಬಾದಕ್ಕೆ ಹೋಗುವಷ್ಟರಲ್ಲಿ ಔಷಧದ ಹೆಸರು ಉಳಿಯಿತು, ಕ್ಯಾರೆಟ್ ಉದುರಿತು. ಜೀವಮಾನವೆಲ್ಲ ಸಾಲದ ಕಾಗದದ ಸಣ್ಣಕ್ಷರ ಓದಿಸಿ ಸಹಿ ಹಾಕಿಸಿಕೊಂಡವನು ನಾನು. "ಇದು ಎಷ್ಟು ಖಾತ್ರಿ ಡಾಕ್ಟರೇ?" ಎಂದು ಒಂದು ಮಾತು ಕೇಳಲಿಲ್ಲ.

ಮೇ 17ಕ್ಕೆ ಪ್ಲಾಸ್ಮಾವನ್ನು ಮಾರ್ಗಸೂಚಿಯಿಂದಲೇ ತೆಗೆದುಹಾಕಿದರು. ಅಣ್ಣ ಹೋಗಿ ಹತ್ತು ದಿನವೂ ಆಗಿರಲಿಲ್ಲ. ಪೇಪರಿನಲ್ಲಿ ತಲೆಬರಹ ನೋಡಿದ್ದೆ. ಪ್ಲಾಸ್ಮಾ ಸಾಲುತ್ತಿಲ್ಲ, ಅದಕ್ಕೇ ಹೀಗೆ ಹೇಳುತ್ತಾರೆ ಎಂದು ಸಿಟ್ಟಿನಿಂದ ಮಡಚಿ ಇಟ್ಟಿದ್ದೆ.

ಫೈಲಿನಲ್ಲಿ ಇನ್ನೊಂದು ಸಂಗತಿಯಿತ್ತು. ಮೊದಲ ದಿನದಿಂದಲೂ ಬಿಲ್ಲಿನಲ್ಲಿ ಡೆಕ್ಸಾಮೆಥಾಸೋನ್ ಎಂದಿದೆ. ಹಳೆಯ ಔಷಧ, ಬೆಲೆ ಎಷ್ಟು ಕಡಿಮೆಯೆಂದರೆ ಆ ಸಾಲು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅದೇ ರಿಕವರಿ ಪರೀಕ್ಷೆಯಲ್ಲಿ 2020ರ ಜೂನ್‌ನಲ್ಲಿಯೇ ಗೊತ್ತಾಗಿತ್ತು: ವೆಂಟಿಲೇಟರ್ ಮೇಲಿದ್ದವರಲ್ಲಿ ನೂರಕ್ಕೆ 41.4 ಇದ್ದ ಸಾವು ಈ ಔಷಧದಿಂದ 29.3ಕ್ಕೆ ಇಳಿಯಿತು, ಆಮ್ಲಜನಕ ಮಾತ್ರ ಹಚ್ಚಿದ್ದವರಲ್ಲಿ 26.2ರಿಂದ 23.3ಕ್ಕೆ. ಆಮ್ಲಜನಕವೇ ಬೇಕಿಲ್ಲದವರಿಗೆ ಮಾತ್ರ ಲಾಭ ಕಾಣಲಿಲ್ಲ. ಔಷಧವಿಲ್ಲದವರಲ್ಲಿ ಸಾವು 14, ಕೊಟ್ಟವರಲ್ಲಿ 17.8. ಹಾಗಾಗಿ ಅವರಿಗೆ ಹಾನಿಯೇ ಆದೀತೇನೋ ಎಂಬ ಅನುಮಾನ. ವಿಶ್ವ ಆರೋಗ್ಯ ಸಂಸ್ಥೆ ಅದೇ ಸೆಪ್ಟೆಂಬರಿನಲ್ಲಿ ತೀವ್ರ ಬೇನೆಯವರಿಗೆ ಕೊಡಿ ಎಂದು ಬಲವಾದ ಶಿಫಾರಸು ಮಾಡಿತು, ಪುರಾವೆಗೆ ಮಧ್ಯಮ ಖಾತ್ರಿ ಎಂದು ದರ್ಜೆಯನ್ನೂ ಬರೆಯಿತು. ಸೌಮ್ಯ ಬೇನೆಯವರಿಗೆ ಬೇಡ ಅಂದಿತು. ಆ ಬೇಡವೆಂಬ ಮಾತು ಷರತ್ತಿನದು, ಪುರಾವೆಯ ಖಾತ್ರಿ ಕಡಿಮೆ. ಎಷ್ಟು ನಿಷ್ಠುರ ಲೆಕ್ಕ ನೋಡಿ. ಎರಡನೆಯ ಅಲೆಯಲ್ಲಿ ಎಷ್ಟೋ ಜನ ಜ್ವರ ಬಂದ ಮೊದಲ ದಿನವೇ ಅಂಗಡಿಯಿಂದ ತಂದು ಸ್ಟೀರಾಯ್ಡ್ ನುಂಗಿದ್ದರು. ಸಕ್ಕರೆ ಕಾಯಿಲೆಯವರಲ್ಲಿ ಕಪ್ಪು ಶಿಲೀಂಧ್ರ ಹಬ್ಬಲು ಅದೂ ಒಂದು ಕಾರಣವೆಂದು ಆಮೇಲೆ ವೈದ್ಯರು ಹೇಳಿದರು.

ಅಂದರೆ ಅಣ್ಣನಿಗೆ ಸಿಗಬೇಕಾದದ್ದು ಮೊದಲ ದಿನವೇ ಸಿಕ್ಕಿತ್ತು, ನಾನು ಓಡಾಡದೆಯೇ. ಬಲವಾದ ಶಿಫಾರಸಿನ ಔಷಧ ಕೊಟ್ಟರೂ ನೂರರಲ್ಲಿ ಇಪ್ಪತ್ಮೂರು ಜನ ಹೋಗುತ್ತಾರೆ. ಅಣ್ಣ ಅವರಲ್ಲಿ ಒಬ್ಬನಾದ. ಹತ್ತು ಗಂಟೆಗೆ ಬಂದ ಆ ಚೀಲ ಹಿಂದಿನ ದಿನವೇ ಬಂದಿದ್ದರೂ ಆಗುತ್ತಿದ್ದುದು ಅಷ್ಟೆ. 19 ಮತ್ತು 18, 24 ಮತ್ತು 24. ಅಂಕಿಗಳನ್ನು ನೋಡಿ ಅಳುವವರಿರುತ್ತಾರೆಯೆ? ನಾನು ಅತ್ತೆ. ಮೊಮ್ಮಗಳು ಹೆದರಿ ನೀರು ತಂದುಕೊಟ್ಟಳು.

"ದೊಡ್ಡಾಯಿಗೆ ಹೇಳ್ತೀಯೇನು?" ಎಂದು ಅವಳೇ ಕೇಳಿದಳು.

ಮರುದಿನ ಅಣ್ಣನ ಮನೆಗೆ ಹೋದೆವು. ವೈನಿ ಮರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದರು. ಹುಡುಗಿಯೇ ಕಾಗದ ಹಾಸಿ, ಎರಡು ಸಾಲು ಗೀಚಿ, ಇತ್ತ ಕೊಟ್ಟವರು ಅತ್ತ ಕೊಡದವರು ಎಂದು ಬೇಳೆಕಾಳು ಇಟ್ಟು ತೋರಿಸಿದಳು. ವೈನಿ ಎರಡು ಸಲ ಹೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಇದನ್ನ ಇಷ್ಟು ವರ್ಷ ಹೊತಗೊಂಡು ತಿರಗ್ಯಾಡ್ಯೀರಿ ಅಂತ ನನಗ ಗೊತ್ತೇ ಇರಲಿಲ್ರಿ" ಅಂದರು. ಅವರ ಮನಸ್ಸಿನಲ್ಲಿ ಅಂಥದೇನೂ ಇರಲೇ ಇಲ್ಲವಂತೆ. ಸ್ವಲ್ಪ ಹೊತ್ತಾದ ಮೇಲೆ, "ಆ ಶಹಾಬಾದ ಹುಡುಗಗ ಮಾತ್ರ ನೀವು ಹೇಳಬ್ಯಾಡ್ರಿ. ಹೇಳೂದಿದ್ರ ನಾನೇ ಹೇಳ್ತೀನಿ" ಅಂದರು.

ಆ ಹುಡುಗ ಪ್ರತಿ ದಸರಾಕ್ಕೆ ವೈನಿಗೆ ಬನ್ನಿ ಕೊಡಲು ಬರುತ್ತಾನೆ. ಈ ಸಲವೂ ಬಂದ. ಈಗ ಮದುವೆಯಾಗಿದೆ, ಹೆಂಡತಿಯನ್ನೂ ಕರೆತಂದಿದ್ದ. ಬನ್ನಿ ಕೊಟ್ಟು ಕಾಲು ಮುಟ್ಟಿ ಊಟಕ್ಕೆ ಕುಳಿತ ಮೇಲೆ ವೈನಿ ನಿಧಾನಕ್ಕೆ ಮಾತು ತೆಗೆದರು. ಅವನು ತಲೆ ಬಗ್ಗಿಸಿ ಕೇಳಿದ.

"ನನಗ ಆವಾಗೇ ಗೊತ್ತಾಗಿತ್ರಿ ಅಮ್ಮಾ. ಪೇಪರ್‌ನ್ಯಾಗ ಬಂದಿತ್ತಲ್ರಿ. ನಿಮ್ಮ ಮುಂದ ಹ್ಯಾಂಗ ಹೇಳೂದಂತ ಸುಮ್ಮನಿದ್ದೆ."

ವೈನಿ ಏನೂ ಅನ್ನಲಿಲ್ಲ. ಅವನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಬಿಟ್ಟರು.